ರೋಗಿಯ ಮನೆಗೆ ಬರುವ ದಾದಿ

ಮನೆಯಲ್ಲೊಬ್ಬರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದರೆ ಆ ರೋಗ ಇಡೀ ಮನೆಯದಾಗುತ್ತದೆ. ವೈದ್ಯರು ಔಷಧ ಬರೆದು ಕಳುಹಿಸುತ್ತಾರೆ. ಆ ಬಳಿಕದ ತಿಂಗಳು, ವರ್ಷಗಳು ಮನೆಯವರ ಪಾಲಿನವು. ಅಲ್ಲಿ ಕೈ ಹಿಡಿಯುವವಳು ದಾದಿ.

ಕ್ರಿ.ಶ. 627ರ ಖಂದಕ್ ಯುದ್ಧದಲ್ಲಿ ಬಾಣ ತಗುಲಿದ ಸಅದ್ ಬಿನ್ ಮುಆದ್(ರ)ರನ್ನು, ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದ ರುಫೈದಾ(ರ)ರ ಬಳಿಗೆ ಸೇರಿಸಲಾಯಿತು. ಪ್ರವಾದಿವರ್ಯರು(ಸ) ಬೆಳಗ್ಗೆಯೂ ಸಂಜೆಯೂ ಅಲ್ಲಿ ಹಾದುಹೋಗುವಾಗ ಅವರ ಕ್ಷೇಮ ವಿಚಾರಿಸುತ್ತಿದ್ದರು. ಇಲ್ಲಿ ಸಂದರ್ಶನವೂ ಇದೆ, ಶುಶ್ರೂಷೆಯೂ ಇದೆ. ನಾವು ಮೊದಲನೆಯದನ್ನು ಉಳಿಸಿಕೊಂಡೆವು. ಎರಡನೆಯದನ್ನು ಮನೆಯ ಒಬ್ಬ ಹೆಣ್ಣುಮಗಳ ಹೆಗಲಿಗೆ ಹಾಕಿ ಸುಮ್ಮನಾದೆವು.

ನೆರೆಯ ಕೇರಳದ ಕಲ್ಲಿಕೋಟೆಯಲ್ಲಿ 1993ರಲ್ಲಿ ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ ಆರಂಭವಾಯಿತು. ಕ್ರಮೇಣ ಮಲಪ್ಪುರಂ ಮುಂತಾದ ಜಿಲ್ಲೆಗಳಲ್ಲಿ ಊರವರೇ ಸ್ವಯಂಸೇವಕರಾದರು. 2008ರಲ್ಲಿ ಅಲ್ಲಿನ ಸರಕಾರ ಇದಕ್ಕೊಂದು ನೀತಿಯನ್ನೇ ರೂಪಿಸಿತು. ಅಲ್ಲಿ ದಾದಿಯರು ಸ್ವಯಂಸೇವಕರೊಂದಿಗೆ ರೋಗಿಯ ಮನೆಗೇ ಹೋಗುತ್ತಾರೆ.

ದಾದಿ ಬಂದು ಮಾಡುವುದೇನು? ಗಾಯ ತೊಳೆಯುತ್ತಾಳೆ, ಮೂತ್ರದ ನಳಿಕೆ ಬದಲಿಸುತ್ತಾಳೆ. ಅದಕ್ಕಿಂತ ಮುಖ್ಯವಾಗಿ ಮನೆಯವರಿಗೆ ಕಲಿಸುತ್ತಾಳೆ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನಿನ ಕೆಳತುದಿ, ಸೊಂಟ, ಹಿಮ್ಮಡಿಗಳನ್ನು ದಿನವೂ ನೋಡಬೇಕು. ಒತ್ತಿದರೂ ಮಾಸದ ಕೆಂಪು ಹಾಸಿಗೆಹುಣ್ಣಿನ ಮೊದಲ ಗುರುತು. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು. ಅಲ್ಲಿ ಬಿಸಿ ಇಲ್ಲವೇ ಗಡಸುತನವಿದೆಯೇ ಎಂದು ಮುಟ್ಟಿ ನೋಡಬೇಕು. ಆ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ಮಲಗಿಸಿಕೊಂಡು ಉಣಿಸಿದರೆ ಅನ್ನ ಶ್ವಾಸನಾಳಕ್ಕೆ ಹೋದೀತು. ಆದ್ದರಿಂದ ಕೂರಿಸಿ ಉಣಿಸಬೇಕು. ಉಂಡ ಮೇಲೂ ಅರ್ಧ ಗಂಟೆ ಕೂರಿಸಿಡಬೇಕು.

ಆರಾಧನೆಯ ವಿಷಯದಲ್ಲೂ ಅವಳ ನೆರವು ದೊಡ್ಡದು. ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿ ನಮಾಝ್ ಮಾಡಬಹುದು. ನೀರು ಹಾನಿಕರವಾದರೆ ತಯಮ್ಮುಮ್ ಇದೆ. ನೀರು ಹಾನಿಕರವೇ, ರೋಗಿಯನ್ನು ಎಷ್ಟು ಹೊತ್ತು ಕೂರಿಸಬಹುದು ಎಂಬುದನ್ನು ದಾದಿಯಲ್ಲಿ ಕೇಳಿ ತಿಳಿಯಿರಿ.

ಒಳ್ಳೆಯ ದಾದಿ ರೋಗಿಯನ್ನು ನೋಡಿದ ಮೇಲೆ ಆರೈಕೆ ಮಾಡುವವಳ ಕಡೆಗೂ ತಿರುಗುತ್ತಾಳೆ. ನಿನ್ನೆ ರಾತ್ರಿ ನಿದ್ದೆ ಬಂತೇ? ನಿನ್ನ ಊಟ ಆಯಿತೇ? ಈ ಪ್ರಶ್ನೆಗಳನ್ನು ಮನೆಯಲ್ಲಿ ಯಾರೂ ಕೇಳಿರುವುದಿಲ್ಲ. ತಂದೆತಾಯಿಯ ಸೇವೆ ಮಗನ ಮೇಲಿನ ಹೊಣೆ. ಸೊಸೆ ಮಾಡಿದರೆ ಅದು ಅವಳ ಔದಾರ್ಯ. ಅದನ್ನು ಹಕ್ಕೆಂದು ವಸೂಲಿ ಮಾಡುವುದು ನ್ಯಾಯವಲ್ಲ.

ಆದ್ದರಿಂದ ಓದುಗರೇ, ದಾದಿ ಬಂದಾಗ ಗಂಡಸರೂ ಹತ್ತಿರ ನಿಂತು ಕಲಿಯಿರಿ. ರಾತ್ರಿಯ ಪಾಳಿ ಹಂಚಿಕೊಳ್ಳಿ. ರೋಗಿಯ ಸಂದರ್ಶನಕ್ಕೆ ಹೋದಾಗ ಹಣ್ಣಿನ ಜೊತೆ ಎರಡು ಗಂಟೆಯ ಬಿಡುವನ್ನೂ ಒಯ್ಯಿರಿ. ನೀವು ರೋಗಿಯ ಬಳಿ ಕುಳಿತಿರುವಷ್ಟು ಹೊತ್ತು ಆ ಮನೆಯ ಹೆಣ್ಣುಮಗಳು ನಿದ್ದೆ ಮಾಡಲಿ.