ನರ ತುಂಡಾದರೆ ದಿನಗಳು ಮುಖ್ಯ

ಕುಡುಗೋಲು ತಗುಲಿಯೋ ಗಾಜು ಒಡೆದೋ ಮಣಿಕಟ್ಟು ಕೊಯ್ದುಕೊಂಡರೆ ಎಲ್ಲರ ಗಮನವೂ ರಕ್ತ ನಿಲ್ಲಿಸುವುದರ ಮೇಲೆಯೇ. ಹೊಲಿಗೆ ಬೀಳುತ್ತದೆ, ಗಾಯ ಮಾಯುತ್ತದೆ. ಬೆರಳಿಗೆ ಸ್ಪರ್ಶವೇ ಇಲ್ಲವೆಂಬುದು ಎಷ್ಟೋ ಮಂದಿಗೆ ಗೊತ್ತಾಗುವುದು ಆಮೇಲೆ.

ಆದ್ದರಿಂದ ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮೊದಲೇ ಪರೀಕ್ಷಿಸಲು ವೈದ್ಯರನ್ನು ಕೇಳಿ. ತೋರುಬೆರಳು ಮತ್ತು ಕಿರುಬೆರಳ ತುದಿ ಮುಟ್ಟಿದ್ದು ತಿಳಿಯುತ್ತದೆಯೇ? ಬೆರಳುಗಳನ್ನು ಅಗಲಿಸಲು, ಹೆಬ್ಬೆರಳನ್ನು ಅಂಗೈಯಿಂದ ಮೇಲೆತ್ತಲು ಆಗುತ್ತದೆಯೇ? ಆಗದಿದ್ದರೆ ನರಕ್ಕೆ ಪೆಟ್ಟಾಗಿರಬಹುದು. ಹರಿತವಾದ ವಸ್ತುವಿನಿಂದ ತುಂಡಾದ ನರವನ್ನು ಸೂಕ್ಷ್ಮದರ್ಶಕದಡಿ ಜೋಡಿಸಲು ಮೊದಲ ಕೆಲವು ದಿನಗಳೇ ಒಳ್ಳೆಯ ಕಾಲ.

ಈ ಅವಸರಕ್ಕೆ ಕಾರಣವಿದೆ. ತುಂಡಾದ ಜಾಗದಿಂದ ಕೆಳಗಿನ ನರತಂತುಗಳು ನಶಿಸುತ್ತವೆ. ಮೇಲಿನ ತುದಿಯಿಂದ ಹೊಸವು ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತವೆ. ಮೊಣಕೈ ಬಳಿ ತುಂಡಾದರೆ ಅಂಗೈಯ ಸ್ನಾಯುವಿಗೆ 30 ಸೆಂಟಿಮೀಟರಿನಷ್ಟು ದಾರಿ, ಅಂದರೆ ಹತ್ತು ತಿಂಗಳು. ನರವಿಲ್ಲದ ಸ್ನಾಯು ಕಾಯುವುದಾದರೂ 12ರಿಂದ 18 ತಿಂಗಳು ಮಾತ್ರ. ಆಮೇಲೆ ನರ ತಲುಪಿದರೂ ಸ್ನಾಯು ಎಚ್ಚರಗೊಳ್ಳುವುದಿಲ್ಲ.

ಮೂಳೆ ಮುರಿತ, ಒತ್ತಡದಿಂದಾದ ನರದ ಗಾಯಗಳ ಮಾತು ಬೇರೆ. ಹಲವು ತಾವಾಗಿಯೇ ಸರಿಹೋಗುತ್ತವೆ. ಮೂರ್ನಾಲ್ಕು ವಾರದ ಹೊತ್ತಿಗೆ ನರದ ವಿದ್ಯುತ್ ಪರೀಕ್ಷೆ ಮಾಡಿಸಿ. ಮೂರು ತಿಂಗಳಾದರೂ ಚೇತರಿಕೆಯ ಸುಳಿವಿಲ್ಲದಿದ್ದರೆ ನರ ಶಸ್ತ್ರಚಿಕಿತ್ಸಕರನ್ನು ಕಾಣಿ. ಬೈಕಿನಿಂದ ಬಿದ್ದು ಇಡೀ ತೋಳೇ ಜೋತುಬಿದ್ದಿದ್ದರೆ ಅಲ್ಲಿಯವರೆಗೂ ಕಾಯಬೇಡಿ.

ನರ ಬೆಳೆಯುವ ತಿಂಗಳುಗಳಲ್ಲಿ ಕೈ ಕಾಪಾಡಿಕೊಳ್ಳುವುದು ನಿಮ್ಮ ಕೆಲಸ. ನರ ಜೋಡಿಸಿದ್ದರೆ ಆರಂಭದ ಕೆಲವು ವಾರ ಹೊಲಿಗೆ ಎಳೆಯದಂತೆ ವೈದ್ಯರು ಹೇಳಿದಷ್ಟೇ ಚಲನೆ ಸಾಕು. ಅವರು ಅನುಮತಿಸಿದ ಮೇಲೆ ಇನ್ನೊಂದು ಕೈಯಿಂದ ಬೆರಳುಗಳ ಕೀಲುಗಳನ್ನು ದಿನಕ್ಕೆ ಹಲವು ಬಾರಿ ಪೂರ್ತಿ ಮಡಚಿ ಬಿಡಿಸಿ. ಕೀಲು ಒಮ್ಮೆ ಗಟ್ಟಿಯಾದರೆ ಮರಳಿದ ನರವೂ ಅದನ್ನು ಅಲುಗಾಡಿಸಲಾರದು. ಮಣಿಕಟ್ಟು ಜೋತುಬೀಳುತ್ತಿದ್ದರೆ ಸ್ಪ್ಲಿಂಟ್ ಬೇಕು.

ನಮ್ಮ ಮನೆಗಳಲ್ಲಿ ಜೋಮು ಹಿಡಿದ ಕೈಗೆ ಬಿಸಿನೀರು, ಉಪ್ಪಿನ ಗಂಟಿನ ಶಾಖ ಕೊಡುವುದು ರೂಢಿ. ದಯವಿಟ್ಟು ಕೊಡಬೇಡಿ. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ನೋವಾಗುವುದಿಲ್ಲ. ಒಲೆಯ ಮೇಲಿನ ಪಾತ್ರೆಯನ್ನೂ ಆ ಕೈಯಿಂದ ಹಿಡಿಯಬೇಡಿ. ತಂಬಾಕು ಬಿಡಿ, ಸಕ್ಕರೆ ಕಾಯಿಲೆಯಿದ್ದರೆ ಹತೋಟಿಯಲ್ಲಿಡಿ. ಬಿ12 ಮಾತ್ರೆ ಆ ಕೊರತೆ ಇದ್ದವರಿಗೆ ಬೇಕು. ತುಂಡಾದ ನರವನ್ನು ಅದು ಕೂಡಿಸುವುದಿಲ್ಲ.

ನರದ ದಾರಿಯಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಜುಮ್ಮೆನ್ನುವ ಜಾಗ ತಿಂಗಳಿಂದ ತಿಂಗಳಿಗೆ ಕೆಳಗೆ ಸರಿಯುತ್ತಿದ್ದರೆ ಅದು ಶುಭಸೂಚನೆ. ಸ್ಪರ್ಶ ಮರಳತೊಡಗಿದಾಗ ಕಣ್ಣು ಮುಚ್ಚಿ ಅಕ್ಕಿ, ಹತ್ತಿ, ನಾಣ್ಯ, ಗುಂಡಿ ಮುಟ್ಟಿ ಗುರುತಿಸಿ, ಕಣ್ಣು ತೆರೆದು ನೋಡಿ. ಹೊಸ ತಂತುಗಳ ಸಂದೇಶವನ್ನು ಮಿದುಳು ಮತ್ತೆ ಕಲಿಯಬೇಕಾಗುತ್ತದೆ.

ತಡವಾಗಿಹೋಯಿತೆಂದು ಮನೆಯಲ್ಲೇ ಉಳಿದವರಿಗೊಂದು ಮಾತು. ಕೆಲಸ ಮಾಡುವ ಸ್ನಾಯುವಿನ ಸ್ನಾಯುರಜ್ಜುವನ್ನು ಸೋತ ಬೆರಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ ವರ್ಷಗಳ ನಂತರವೂ ಸಾಧ್ಯ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಮುದುಡಿದ ಕೈಗಳಿಗೆ ಮಾಡಿದ್ದು ಇಂಥದ್ದನ್ನೇ. ಒಮ್ಮೆ ಶಸ್ತ್ರಚಿಕಿತ್ಸಕರ ಬಳಿ ಹೋಗಿ ತೋರಿಸಿ.