ಅರಳು ಮರಳು ಮತ್ತು ಜೀವಕೋಶದ ದ್ವಾರಪಾಲಕ

ಅರವತ್ತಕ್ಕೆ ಅರಳು ಮರಳು ಎಂಬುದು ನಮ್ಮ ನಾಡಿನ ಹಳೆಯ ಮಾತು. ವೃದ್ಧರ ಮರೆವನ್ನು ಈ ಮಾತಿನಲ್ಲಿಯೇ ಮುಗಿಸಿಬಿಡುವ ರೂಢಿಯಿಂದಾಗಿ, ಅದರ ಹಿಂದೆ ಅಡಗಿರಬಹುದಾದ ಆಲ್‌ಝೈಮರ್ ರೋಗವು ಮನೆಯವರ ಗಮನಕ್ಕೆ ಬರುವುದು ಬಹಳ ತಡವಾಗಿ. ಊರಿನಿಂದ ದೆಹಲಿಗೆ ಮಗನ ಮನೆಗೆ ಬಂದ ತಾಯಿ ದಾರಿ ತಪ್ಪಿದರಂತೂ, ಹೊಸ ಊರು, ಹಿಂದಿ ಬಾರದು ಎಂಬ ಸಮಾಧಾನವೂ ಅದಕ್ಕೆ ಜೊತೆಗೂಡುತ್ತದೆ.

ಈ ರೋಗದಲ್ಲಿ ನರಕೋಶಗಳ ಹೊರಗೆ ಅಮಿಲಾಯ್ಡ್ ಎಂಬ ಪ್ರೋಟೀನಿನ ಗಡ್ಡೆಗಳು ಶೇಖರವಾಗುತ್ತವೆ. ಮೆದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಇವುಗಳ ಹೊರಮೈಯಲ್ಲಿರುವ ಗ್ರಾಹಕ ಪ್ರೋಟೀನುಗಳಲ್ಲೊಂದು ಟ್ರೆಮ್-2. ಗ್ರಾಹಕವೆಂದೊಡನೆ ಬ್ಯಾಂಕಿನ ಗಿರಾಕಿ ನೆನಪಾಗಬಾರದು. ಇದು ಹೊರಗಿನ ಸುದ್ದಿಯನ್ನು ಹಿಡಿದು ಒಳಗೆ ತಲುಪಿಸುವ ದ್ವಾರಪಾಲಕ. ಇದರ ಹೊರತುದಿಗೆ ಕೊಬ್ಬಿನ ಅಂಶಗಳೋ ಅಮಿಲಾಯ್ಡೋ ಅಂಟಿದಾಗ ಕೋಶವು ಎಚ್ಚತ್ತು, ಗಡ್ಡೆಯನ್ನು ಸುತ್ತುವರಿದು, ಅದು ಹರಡದಂತೆ ಅಡಕಗೊಳಿಸುತ್ತದೆ. ಈ ಪ್ರೋಟೀನಿನ 47ನೆಯ ಸ್ಥಾನದಲ್ಲಿ ಆರ್ಜಿನೀನಿಗೆ ಬದಲು ಹಿಸ್ಟಿಡೀನ್ ಬಂದರೆ ಹಿಡಿತ ಸಡಿಲವಾಗುತ್ತದೆ. ಅಂಥವರಲ್ಲಿ ರೋಗದ ಸಂಭವ ಸುಮಾರು ಮೂರು ಪಟ್ಟು ಹೆಚ್ಚೆಂದು 2013ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದವು. ಇಷ್ಟೆಲ್ಲ ಅನರ್ಥಕ್ಕೆ ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ ಸಾಕೆಂಬುದು ವಿಸ್ಮಯದ ಸಂಗತಿಯೇ ಸರಿ.

ಟ್ರೆಮ್-2ಕ್ಕೆ ಅಂಟುವ ಇನ್ನೊಂದು ವಸ್ತು, ಕೊಬ್ಬನ್ನು ಹೊತ್ತು ಸಾಗಿಸುವ ಅಪೋ-ಇ ಪ್ರೋಟೀನು. ಇದರ ನಾಲ್ಕನೆಯ ಬಗೆಯು ರೋಗವನ್ನು ಹತ್ತಿರ ತರುತ್ತದೆಂಬುದು 1993ರಿಂದ ತಿಳಿದ ವಿಷಯ. ದೆಹಲಿಯ ನೆರೆಯ ಬಲ್ಲಭಗಢದ ಹಳ್ಳಿಗಳಲ್ಲಿ ಭಾರತ-ಅಮೆರಿಕ ತಜ್ಞರು ಕೂಡಿ, 55 ವರ್ಷ ದಾಟಿದ ಐದು ಸಾವಿರಕ್ಕೂ ಮಿಕ್ಕಿದ ಜನರನ್ನು ಪರೀಕ್ಷಿಸಿ 1998ರಲ್ಲಿ ವರದಿ ಪ್ರಕಟಿಸಿದರು. 65 ಮೀರಿದವರಲ್ಲಿ ಆಲ್‌ಝೈಮರ್ ಕಂಡದ್ದು ನೂರಕ್ಕೆ ಒಬ್ಬರಲ್ಲಿ ಮಾತ್ರ. ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಲಿಸಿದರೆ ಇಲ್ಲಿ ಆ ನಾಲ್ಕನೆಯ ಬಗೆಯೂ ವಿರಳವೆಂದು 2000ದಲ್ಲಿ ತಿಳಿಯಿತು. ಆದರೆ ಇದರಿಂದ ಹಿಗ್ಗುವಂತಿಲ್ಲ. ಅದನ್ನು ಪಡೆದು ಹುಟ್ಟಿದವರಿಗೆ ಅಪಾಯವು ಎರಡೂ ಕಡೆ ಹೆಚ್ಚುಕಡಿಮೆ ಸಮಾನವಾಗಿತ್ತು. ಅಲ್ಲದೆ ರೋಗಿಗಳು ಬಹುಕಾಲ ಬದುಕದಿರುವುದೂ ಸಂಖ್ಯೆ ಇಳಿಯಲು ಕಾರಣವಿರಬಹುದೆಂದು ಅಧ್ಯಯನಕಾರರೇ ಸೂಚಿಸಿದ್ದರು.

ಹೀಗೆಂದು ಮನೆಯ ಹಿರಿಯರ ವಂಶವಾಹಿಗಳನ್ನು ಪರೀಕ್ಷಿಸಲು ಓಡಬೇಕಾಗಿಲ್ಲ. ಮರೆವು ಕಂಡಾಗ ವೈದ್ಯರು ಮೊದಲು ನೋಡುವುದು ಥೈರಾಯ್ಡ್ ಮತ್ತು ಬಿ-12 ಜೀವಸತ್ವವನ್ನು. ಶುದ್ಧ ಸಸ್ಯಾಹಾರಿಗಳಲ್ಲಿ ಬಿ-12ರ ಕೊರತೆ ಸಾಮಾನ್ಯ; ಅದರಿಂದ ಬಂದ ಮರೆವು ಬೇಗ ಗುರುತಿಸಿದರೆ ಔಷಧದಿಂದ ಇಳಿಯುವುದುಂಟು.