ಕೋವಿಯ ಲ್ಯಾಕರ್ ತೆಗೆಯುವಾಗ

ಕೊಚ್ಚಿ, ತಿರುವನಂತಪುರಗಳಲ್ಲಿ ನೌಕರಿಯಲ್ಲಿದ್ದು, ಸೆಪ್ಟೆಂಬರ್ 3ರ ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದಿಗೆ ಕಣ್ಣೂರಿನವರೆಗೆ ರೈಲು, ಅಲ್ಲಿಂದ ಮಾಕುಟ್ಟದ ದಾರಿ ಹಿಡಿದು ಕೊಡಗಿಗೆ ಬರುವ ಮಕ್ಕಳಿಗೆ ಈ ಕಿವಿಮಾತು. ಐನ್‌ಮನೆಯ (ಕುಟುಂಬದ ಹಿರಿಮನೆಯ) ಜೋಡಿನಳಿಗೆ ಕೋವಿಯ ಮೇಲೆ ಲ್ಯಾಕರ್ ಹಳದಿಗಟ್ಟಿ ಚಕ್ಕೆ ಏಳುತ್ತಿದ್ದರೆ ಅವಸರದಲ್ಲಿ ಉಜ್ಜಲು ಕೂರಬೇಡಿ.

• ಮೊದಲು ಕೋವಿ ಮಡಚಿ, ಎರಡೂ ನಳಿಗೆ ಖಾಲಿ ಇವೆಯೇ ನೋಡಿ. ತೋಟೆಗಳು ಬೇರೆ ಕೋಣೆಯಲ್ಲಿರಲಿ.

• ಲ್ಯಾಕರ್ ಅಡಿಯ ಉಕ್ಕಿನ ಮೇಲೆ ಕಾಣುವ ನೀಲಿ, ಕಂದು, ಬೂದು ಮೋಡದಂಥ ಬಣ್ಣ ಬಳಿದದ್ದಲ್ಲ. ಮೂಳೆಯ ಇದ್ದಿಲಿನ ಜೊತೆ ಉಕ್ಕನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಕೆಂಪಗೆ ಕಾಯಿಸಿ, ನೀರಿಗೆ ಅದ್ದಿದಾಗ ಮೂಡಿದ್ದು. ಒಳಗಿನ ಗಡಸು ಪದರ ಗಟ್ಟಿ, ಮೇಲಿನ ಬಣ್ಣ ಮಾತ್ರ ಬಹಳ ತೆಳು. ಅದನ್ನು ಕಾಯಲೆಂದೇ ಲ್ಯಾಕರ್ ಹಚ್ಚುತ್ತಾರೆ.

• ಅಸಿಟೋನ್ ಸಾಕು. ಹತ್ತಿ ಬಟ್ಟೆಗೆ ತಾಗಿಸಿ, ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಬಟ್ಟೆಯನ್ನು ಲ್ಯಾಕರ್ ಮೇಲೆ ಸ್ವಲ್ಪ ಹೊತ್ತು ಇಟ್ಟು, ಮೆತ್ತಗಾದ ಮೇಲೆ ಒರೆಸಿ. ಬಟ್ಟೆ ಬದಲಿಸುತ್ತಿರಿ. ಅಸಿಟೋನಿಗೆ ಜಗ್ಗದಿದ್ದರೆ ಅದು ಪಾಲಿಯುರೆಥೇನ್ ಬಗೆಯದ್ದಿರಬಹುದು. ಆಗ ಬಂದೂಕು ರಿಪೇರಿ ಬಲ್ಲವರಿಗೆ ಕೊಡಿ, ನೀವು ಹಟ ಹಿಡಿಯಬೇಡಿ.

• ಎಮರಿ ಕಾಗದ, ಕಬ್ಬಿಣದ ನಾರು, ಬ್ರಾಸೊ ಬೇಡವೇ ಬೇಡ. ಹಿತ್ತಾಳೆ ದೀಪ ಬೆಳಗುವ ಹುಣಸೆಹಣ್ಣು, ನಿಂಬೆರಸವೂ ಬೇಡ. ಹುಳಿ ಆ ಬಣ್ಣವನ್ನೇ ತಿನ್ನುತ್ತದೆ. ಕೆತ್ತಿದ ನಂಬರಿನ ಹತ್ತಿರವಂತೂ ಉಜ್ಜಲೇಬೇಡಿ. ಆ ನಂಬರ್ ಅಳಿಸುವುದು ಆಯುಧ ಕಾಯ್ದೆಯಲ್ಲಿ ಅಪರಾಧ. ಕೊಡವರಾದ ನಮಗಿರುವ ಕೋವಿ ಪರವಾನಗಿಯ ವಿನಾಯಿತಿ ಅದಕ್ಕೆ ರಕ್ಷಣೆಯಲ್ಲ.

• ಮರದ ಹಿಡಿಗೆ ಅಸಿಟೋನ್ ತಾಗಿದರೆ ಪಾಲಿಶ್ ಕರಗುತ್ತದೆ. ಸಾಧ್ಯವಾದರೆ ನಳಿಗೆ ಬಿಚ್ಚಿ ಬೇರೆಯಿಡಿ, ಮರವನ್ನು ಮುಚ್ಚಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ ಇರಬಾರದು. ಅಸಿಟೋನ್ ಡಬ್ಬಿಯನ್ನು ಕೊಚ್ಚಿಯಿಂದ ರೈಲಿನಲ್ಲಿ ತರಬೇಡಿ, ಬೇಗ ಬೆಂಕಿ ಹಿಡಿಯುವ ಸಾಮಾನು ಒಯ್ಯುವಂತಿಲ್ಲ. ಇಲ್ಲೇ ಕೊಳ್ಳಿ.

• ಲ್ಯಾಕರ್ ಹೋದೊಡನೆ ಉಕ್ಕು ಬೆತ್ತಲೆ. ಕೊಡಗಿನ ಮಳೆಗಾಲ ತುಕ್ಕಿಗೆ ಹಬ್ಬ. ಅಂದೇ ತೆಳುವಾಗಿ ಮೇಣ ಅಥವಾ ಕೋವಿ ಎಣ್ಣೆ ಹಚ್ಚಿ. ಲೈಸೆನ್ಸ್ ಇದ್ದು ಕೋವಿ ಕೊಚ್ಚಿಯಲ್ಲೇ ಇಟ್ಟವರು ಉಪ್ಪುಗಾಳಿ ಮರೆಯದೆ ಆಗಾಗ ಒರೆಸಿ ಎಣ್ಣೆ ಹಚ್ಚಲಿ. ಚರ್ಮದ ಚೀಲದಲ್ಲಿ ಬಹುಕಾಲ ಇಡಬೇಡಿ, ಅದು ತೇವ ಹಿಡಿದಿಡುತ್ತದೆ.

• ಹಬ್ಬದ ಪೂಜೆಗೆ ಕೋವಿಗೆ ಗಂಧ ಇಡುತ್ತೇವೆ, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುತ್ತೇವೆ. ಇಡಲೇಬೇಕು. ಆದರೆ ಆಟ, ಊಟ ಮುಗಿದ ಮೇಲೆ, ಅಂದೇ ರಾತ್ರಿ ಒದ್ದೆ ಗಂಧ, ಹೂವಿನ ರಸ ಒರೆಸಿ ಎಣ್ಣೆ ಹಚ್ಚಿ. ಮರುದಿನಕ್ಕೆ ಬಿಟ್ಟರೆ ಅಲ್ಲೇ ಕಲೆ ಕೂರುತ್ತದೆ.

• ಲ್ಯಾಕರ್ ತೆಗೆದ ಮೇಲೆ ಅಡಿಯ ಬಣ್ಣ ಅರ್ಧವೇ ಉಳಿದಿರಬಹುದು. ಇರಲಿ, ಅದು ಅಜ್ಜಂದಿರ ಕೈ ತಾಗಿ ಮಾಸಿದ್ದು. ಗ್ಯಾಸ್ ಉರಿಯಲ್ಲಿ ಕಾಯಿಸಿ ಬಣ್ಣ ತರಿಸುತ್ತೇವೆ ಎನ್ನುವವರಿಗೆ ಕೋವಿ ಕೊಡಬೇಡಿ. ಉಕ್ಕಿನ ಗಡಸುತನ, ಅಳತೆ ಕೆಟ್ಟರೆ ಮುಂದೆ ಆ ಕೋವಿಯಿಂದ ಹಬ್ಬದಾಟದ ತೆಂಗಿನಕಾಯಿಗೂ ಗುಂಡು ಹಾರಿಸುವಂತಿಲ್ಲ.